ಒಂದೇ ಸೀಸೆ, ಊರಿಗೊಂದು ಹೆಸರು

ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ, ಜಾರ್ಜಿಯವೋ ಅಲಬಾಮವೋ ಯಾವುದಾದರೊಂದು ರಾಜ್ಯದ ಸಣ್ಣ ಊರಿನ ಫಲಾಹಾರ ಮಂದಿರವನ್ನು ಕಲ್ಪಿಸಿಕೊಳ್ಳಿ. ಬಿಸಿಲಿನಲ್ಲಿ ಬಳಲಿ ಬಂದ ಗಿರಾಕಿಯೊಬ್ಬ ಕುಳಿತು, “ನನಗೊಂದು ಕೋಕ್” ಎನ್ನುತ್ತಾನೆ. ಬಡಿಸುವಾಕೆ ಕೊಂಚವೂ ಬೆರಗಾಗದೆ, “ಯಾವ ಕೋಕ್?” ಎಂದು ಕೇಳುತ್ತಾಳೆ. ಆತನೂ ಅಷ್ಟೇ ಸಹಜವಾಗಿ, “ಕಿತ್ತಳೆಯದು” ಎಂದು ಉತ್ತರ ಕೊಡುತ್ತಾನೆ. ಕಿತ್ತಳೆ ಬಣ್ಣದ ಪಾನೀಯ ಬರುತ್ತದೆ. ಕುಡಿದು, ಹಣ ಕೊಟ್ಟು ಹೊರಡುತ್ತಾನೆ. ಇಬ್ಬರಲ್ಲಿ ಯಾರಿಗೂ ಈ ಸಂಭಾಷಣೆಯಲ್ಲಿ ವಿಶೇಷವೇನೂ ಕಾಣುವುದಿಲ್ಲ. ನಾವು ಹೋಟೆಲಿನಲ್ಲಿ “ಒಂದು ದೋಸೆ” ಎಂದಾಗ ಮಾಣಿ “ಯಾವ ದೋಸೆ ಸಾರ್, ಮಸಾಲೆಯೋ ಸಾದಾವೋ?” ಎಂದು ಕೇಳುವುದಿಲ್ಲವೇ, ಹಾಗೆ.

ಇದೇ ಗಿರಾಕಿ ಉತ್ತರಕ್ಕೆ ಪ್ರಯಾಣ ಮಾಡಿ ಡೆಟ್ರಾಯಿಟ್ ನಗರದಲ್ಲಿ ಇಳಿದನೆನ್ನಿ. ಅಲ್ಲಿ ಅವನು ಕೋಕ್ ಕೇಳಿದರೆ ಮರುಪ್ರಶ್ನೆಯಿಲ್ಲದೆ ಕಪ್ಪು ಬಣ್ಣದ ಕೋಕಕೋಲವೇ ಬರುತ್ತದೆ. ಕಿತ್ತಳೆಯದು ಬೇಕಾದರೆ “ಪಾಪ್” ಎಂದು ಕೇಳಬೇಕು. ಅಲ್ಲಿಂದ ಪೂರ್ವಕ್ಕೆ ಹೊರಟು ನ್ಯೂಯಾರ್ಕ್ ಸೇರಿದರೆ ಪಾಪ್ ಎಂದವನನ್ನು ನೋಡಿ ಜನ ಮುಗುಳ್ನಗುತ್ತಾರೆ. ಅಲ್ಲಿ ಅದು “ಸೋಡ”. ಮತ್ತೂ ಮೇಲಕ್ಕೆ ಬಾಸ್ಟನ್ನಿನ ಹಳೆಯ ಮನೆಯೊಂದಕ್ಕೆ ಹೋದರೆ ಅಲ್ಲಿಯ ಅಜ್ಜಿ ಅದೇ ಸೀಸೆಯನ್ನು ಮುಂದಿಟ್ಟು, “ಟಾನಿಕ್ ಕುಡಿಯಪ್ಪ” ಎಂದರೂ ಎಂದಾಳು. ಸೀಸೆ ಒಂದೇ, ಒಳಗಿನ ನೀರು, ಸಕ್ಕರೆ, ಗಾಳಿ ಎಲ್ಲವೂ ಒಂದೇ, ಆಡುವ ಭಾಷೆಯೂ ಒಂದೇ ಇಂಗ್ಲಿಷು. ಹೆಸರು ಮಾತ್ರ ನಾಲ್ಕು.

ನಮಗೆ ಇದು ತೀರ ಹೊಸದಲ್ಲ. ಮೈಸೂರಿನವರ ಕಡಲೆಕಾಯಿ ಧಾರವಾಡದ ಸಂತೆಯಲ್ಲಿ ಶೇಂಗಾ ಆಗುತ್ತದೆ, ಘಟ್ಟ ಇಳಿದರೆ ನೆಲಗಡಲೆಯಾಗುತ್ತದೆ. ಆದರೆ ಆ ಹೆಸರುಗಳಿಗೆ ನೂರಾರು ವರ್ಷಗಳ ಬಾಳಿಕೆಯುಂಟು, ನೆಲದ ಗುಣವುಂಟು, ನೆರೆಹೊರೆಯ ಭಾಷೆಗಳ ಸಂಪರ್ಕವುಂಟು. ಕಾರ್ಖಾನೆಯಲ್ಲಿ ಹುಟ್ಟಿ, ಜಾಹೀರಾತಿನ ತೊಟ್ಟಿಲಲ್ಲಿ ಬೆಳೆದ ಪದಾರ್ಥವೊಂದು ಹೀಗೆ ಸೀಮೆಸೀಮೆಗೂ ಹೆಸರು ಬದಲಿಸಿದ್ದೇಕೆ ಎಂಬುದೇ ಇಲ್ಲಿಯ ಸ್ವಾರಸ್ಯ.

ಈ ಪ್ರಶ್ನೆಯನ್ನು ಅಮೆರಿಕದ ವಿದ್ವಾಂಸರು ಹಗುರವಾಗಿ ಎಣಿಸಲಿಲ್ಲ. ಫ್ರೆಡರಿಕ್ ಕ್ಯಾಸಿಡಿ ಎಂಬ ಪ್ರಾಧ್ಯಾಪಕರು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿದ್ದುಕೊಂಡು ಅಮೆರಿಕದ ಪ್ರಾದೇಶಿಕ ಇಂಗ್ಲಿಷಿನ ನಿಘಂಟಿಗೆ ಕೈ ಹಾಕಿದರು. ೧೯೬೫ರಿಂದ ೧೯೭೦ರವರೆಗೆ ಅವರ ಕಾರ್ಯಕರ್ತರು “ಪದಗಳ ಬಂಡಿ” ಎಂದು ಕರೆಸಿಕೊಂಡ ವಾಹನಗಳಲ್ಲಿ ೧೦೦೨ ಊರುಗಳನ್ನು ಸುತ್ತಿದರು. ಒಬ್ಬೊಬ್ಬರ ಮನೆಯಲ್ಲೂ ದಿನಗಟ್ಟಲೆ ಕುಳಿತು ಸಾವಿರದ ಆರುನೂರಕ್ಕೂ ಮೀರಿದ ಪ್ರಶ್ನೆಗಳನ್ನು ಕೇಳಿ ಉತ್ತರ ಬರೆದುಕೊಂಡರು. ಮೊದಲ ಸಂಪುಟ ಹೊರಬಂದದ್ದು ೧೯೮೫ರಲ್ಲಿ. ಕೊನೆಯ ಅಕ್ಷರದವರೆಗಿನ ಐದನೆಯದು ೨೦೧೨ರಲ್ಲಿ. ಕ್ಯಾಸಿಡಿಯವರು ೨೦೦೦ದಲ್ಲೇ ತೀರಿಕೊಂಡಿದ್ದರು. ಅವರ ಸಮಾಧಿಯ ಕಲ್ಲಿನ ಮೇಲೆ, ಕೊನೆಯ ಅಕ್ಷರದ ಕಡೆಗೆ ನಡೆಯಿರಿ ಎಂಬರ್ಥದ ಮಾತನ್ನು ಕೆತ್ತಿದ್ದಾರೆ. ನಿಘಂಟುಕಾರನಿಗೆ ಇದಕ್ಕಿಂತ ಒಪ್ಪುವ ಚರಮಶ್ಲೋಕ ಇನ್ನಾವುದು!

ಆಮೇಲೆ, ೨೦೦೩ರ ಸುಮಾರಿಗೆ, ಹಾರ್ವರ್ಡಿನಲ್ಲಿದ್ದ ಭಾಷಾಶಾಸ್ತ್ರಜ್ಞ ಬರ್ಟ್ ವಾಕ್ಸ್ ನಡೆಸಿದ ಸಮೀಕ್ಷೆಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಪಾಲ್ಗೊಂಡರು. ಸಿಹಿಯಾದ ಗಾಳಿಪಾನೀಯವನ್ನು ನೀವು ಏನೆಂದು ಕರೆಯುತ್ತೀರಿ ಎಂಬುದೂ ಅದರ ಪ್ರಶ್ನೆಗಳಲ್ಲಿ ಒಂದಾಗಿತ್ತು. ಅರ್ಧಕ್ಕಿಂತ ಕೊಂಚ ಹೆಚ್ಚು ಮಂದಿ ಸೋಡ ಎಂದರು. ಕಾಲುಭಾಗ ಪಾಪ್ ಎಂದರು. ಎಂಟರಲ್ಲೊಬ್ಬರು ಕೋಕ್ ಎಂದರು. ಟಾನಿಕ್ ಎಂದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಉತ್ತರಗಳಿಗೆ ಬಣ್ಣ ಕೊಟ್ಟು ಭೂಪಟದ ಮೇಲೆ ಚುಕ್ಕೆಯಿಟ್ಟರೆ ದೇಶ ಮೂರು ಹೋಳಾಗಿ ಕಾಣುತ್ತದೆ. ಈಶಾನ್ಯದ ಕರಾವಳಿಯೂ ಪಶ್ಚಿಮದ ಕ್ಯಾಲಿಫೋರ್ನಿಯವೂ ಸೋಡದ ಪಾಲು. ನಡುವಿನ ಮಹಾಸರೋವರಗಳ ಸೀಮೆ, ಗೋಧಿ ಬೆಳೆಯುವ ಬಯಲುಗಳು, ವಾಯವ್ಯದ ಮೂಲೆ ಪಾಪ್‌ನ ಪಾಲು. ದಕ್ಷಿಣವೆಲ್ಲ ಕೋಕ್‌ನದು. ಪಾಪ್‌ನ ಸಮುದ್ರದ ನಡುವೆ ಮಿಲ್ವಾಕಿಯ ಸುತ್ತಲೂ, ಸೇಂಟ್ ಲೂಯಿಯ ಸುತ್ತಲೂ ಸೋಡದ ಎರಡು ದ್ವೀಪಗಳು.

ಸೋಡವಿಲ್ಲದ ಸೋಡ

ಮೂರರಲ್ಲಿ ಹಿರಿಯ ಹೆಸರು ಸೋಡ. ಆದರೆ ಅದರ ವಂಶಾವಳಿ ಹುಡುಕಲು ಅಮೆರಿಕವನ್ನು ಬಿಟ್ಟು ಇಂಗ್ಲೆಂಡಿನ ಲೀಡ್ಸ್ ಪಟ್ಟಣಕ್ಕೆ ಹೋಗಬೇಕು. ೧೭೬೭ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಅಲ್ಲಿಗೆ ಬಂದು ನೆಲೆಸಿದ. ಅವನ ಮನೆಯ ಪಕ್ಕದಲ್ಲಿ ಬಿಯರ್ ತಯಾರಿಸುವ ಭಟ್ಟಿಯಿತ್ತು. ಹುಳಿಯುವ ತೊಟ್ಟಿಗಳ ಮೇಲೆ ಗಾಳಿಯ ಪದರವೊಂದು ನಿಲ್ಲುತ್ತಿತ್ತು. ಅದರಲ್ಲಿ ಉರಿಯುವ ಕಡ್ಡಿ ಹಿಡಿದರೆ ನಂದಿಹೋಗುತ್ತಿತ್ತು. ಪಾದ್ರಿ ಸುಮ್ಮನಿರುವವನಲ್ಲ. ಆ ಗಾಳಿಯಲ್ಲಿ ನೀರಿಟ್ಟು ನೋಡಿದ, ಒಂದು ಪಾತ್ರೆಯಿಂದ ಮತ್ತೊಂದಕ್ಕೆ ಸುರಿದು ನೋಡಿದ. ನೀರಿಗೆ ಚುರುಕು ರುಚಿ ಬಂತು. ೧೭೭೨ರಲ್ಲಿ ಈ ವಿಧಾನವನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿದ. ದೀರ್ಘಯಾನದ ನಾವಿಕರನ್ನು ಕಾಡುತ್ತಿದ್ದ ರಕ್ತಪಿತ್ತವ್ಯಾಧಿಗೆ ಇದು ಮದ್ದಾದೀತೆಂದು ಅವನ ಆಸೆ. ಮದ್ದೇನೂ ಆಗಲಿಲ್ಲ. ಆದರೆ ಮರುವರ್ಷ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ಕೊಟ್ಟು ಗೌರವಿಸಿತು. ಹಣ ಮಾಡಿದವನು ಬೇರೆ: ಜಿನೀವದಲ್ಲಿ ೧೭೮೩ರಲ್ಲಿ ಈ ನೀರಿನ ವ್ಯಾಪಾರಕ್ಕೆ ಇಳಿದು, ಒಂಬತ್ತು ವರ್ಷಗಳ ತರುವಾಯ ಲಂಡನ್ನಿಗೆ ಬಂದ ಯಾಕೊಬ್ ಶ್ವೆಪ್ಪೆ. ಅವನ ಹೆಸರಿನ ಸೀಸೆಗಳು ಇಂದಿಗೂ ಅಂಗಡಿಯಲ್ಲಿ ಸಿಗುತ್ತವೆ.

ಆ ಕಾಲದ ವೈದ್ಯರಿಗೆ ಯೂರೋಪಿನ ಖನಿಜ ಬುಗ್ಗೆಗಳ ನೀರಿನ ಮೇಲೆ ಅಪಾರ ನಂಬಿಕೆ. ಬುಗ್ಗೆಯ ನೀರನ್ನು ಅನುಕರಿಸಬೇಕೆಂದು ಗಾಳಿ ತುಂಬಿದ ನೀರಿಗೆ ಸೋಡಾಕ್ಷಾರವನ್ನು ಬೆರೆಸುತ್ತಿದ್ದರು. ಹೀಗೆ ಹುಟ್ಟಿದ್ದು ಸೋಡಾ ನೀರು. ಬರಬರುತ್ತ ಕ್ಷಾರವನ್ನು ಬಿಟ್ಟರು, ಹೆಸರನ್ನು ಬಿಡಲಿಲ್ಲ. ೧೮೩೦ರ ದಶಕದಲ್ಲಿ ನ್ಯೂಯಾರ್ಕಿನ ಜಾನ್ ಮ್ಯಾಥ್ಯೂಸ್ ಅಮೃತಶಿಲೆಯ ಚೂರುಗಳ ಮೇಲೆ ಗಂಧಕಾಮ್ಲ ಸುರಿದು ಅನಿಲ ತಯಾರಿಸುತ್ತಿದ್ದ. ಕಟ್ಟಡದವರು ಕೆತ್ತಿ ಎಸೆದ ಕಲ್ಲುಚೂರೇ ಅವನ ಬಂಡವಾಳ. ಅವನು ಮಾರಿದ ಸೋಡದಲ್ಲಿ ಅಮೃತಶಿಲೆಯ ಉಸಿರಿತ್ತೇ ಹೊರತು ಸೋಡದ ಅಂಶವಿರಬೇಕಾದ ಅಗತ್ಯವೇ ಇರಲಿಲ್ಲ.

ಅಮೆರಿಕದಲ್ಲಿ ಈ ನೀರು ಮಾರಾಟವಾಗುತ್ತಿದ್ದುದು ಮುಖ್ಯವಾಗಿ ಔಷಧದ ಅಂಗಡಿಗಳಲ್ಲಿ. ಅಲ್ಲಿ ಹೊಳೆಯುವ ಕೊಳಾಯಿಗಳ ಸೋಡಾ ಕಾರಂಜಿಯನ್ನು ನಿಲ್ಲಿಸಿ, ಗಿರಾಕಿಯ ಎದುರಿಗೇ ಗಾಜಿನ ಲೋಟಕ್ಕೆ ಪಾಕ ಹಾಕಿ ನೀರು ಚಿಮ್ಮಿಸಿ ಕೊಡುತ್ತಿದ್ದರು. ಪಾಕದಲ್ಲಿ ಬೇರು, ತೊಗಟೆ, ಎಲೆ, ನಾರು, ಏನು ಬೇಕಾದರೂ ಇರಬಹುದು. ಇಂದು ಜಗತ್ತೆಲ್ಲ ಬಲ್ಲ ಪಾನೀಯಗಳಲ್ಲಿ ಹಲವು ಹುಟ್ಟಿದ್ದು ಈ ಕಟ್ಟೆಯ ಹಿಂದೆಯೇ. ಟೆಕ್ಸಸಿನ ವೇಕೋ ಊರಿನಲ್ಲಿ ೧೮೮೫ರಲ್ಲಿ ಡಾಕ್ಟರ್ ಪೆಪ್ಪರ್. ಮರುವರ್ಷ ಅಟ್ಲಾಂಟದಲ್ಲಿ ಕೋಕಕೋಲ. ಉತ್ತರ ಕೆರೊಲಿನದ ನ್ಯೂ ಬರ್ನ್‌ನಲ್ಲಿ ಕೇಲೆಬ್ ಬ್ರಾಡಮ್ ಎಂಬ ಔಷಧ ವ್ಯಾಪಾರಿ ಕಲಸಿದ, ೧೮೯೮ರಲ್ಲಿ ಪೆಪ್ಸಿಕೋಲ ಎಂಬ ಹೆಸರು ಪಡೆದ ಪಾನೀಯ. ಬಾಸ್ಟನ್ನಿನ ಅಜ್ಜಿ ಟಾನಿಕ್ ಎಂದದ್ದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಅವಳ ಸೀಮೆಯ ಪ್ರಸಿದ್ಧ ಪಾನೀಯ ಮಾಕ್ಸಿ. ಅದು ಮೊದಲು ನರಗಳಿಗೆ ಬಲ ಕೊಡುವ ಔಷಧವಾಗಿತ್ತು. ಆಮೇಲೆ ಗಾಳಿ ತುಂಬಿಸಿಕೊಂಡು ತಂಪುಪಾನೀಯವಾಯಿತು. ಈಗ ಅದನ್ನು ಕುಡಿಯುವವರು ವಿರಳ. ಆದರೆ “ಮಾಕ್ಸಿ” ಎಂದರೆ ಎದೆಗಾರಿಕೆ ಎಂಬ ಅರ್ಥ ಇಂಗ್ಲಿಷಿನಲ್ಲಿ ಉಳಿದುಕೊಂಡಿದೆ.

ಬಿರಡೆ ಹಾರಿದ ಸದ್ದು

ಪಾಪ್ ಎಂಬ ಹೆಸರು ಕನ್ನಡಿಗರ ಕಿವಿಗೆ ಕೊಂಚ ಅಪಾಯಕರ. ಅದನ್ನು ಕುಡಿದರೆ ತಟ್ಟುವುದೇನೋ ಎನ್ನಿಸುತ್ತದೆ. ವಾಸ್ತವವಾಗಿ ಅದು ನಮ್ಮ ವ್ಯಾಕರಣದ ಅನುಕರಣಾವ್ಯಯಗಳ ಜಾತಿಗೆ ಸೇರಿದ್ದು. ನೀರಿಗೆ ಜುಳುಜುಳು, ಬಿಸಿ ಎಣ್ಣೆಗೆ ಚಟಚಟ ಇರುವಂತೆ ಬಿರಡೆ ಹಾರುವ ಸದ್ದಿಗೆ ಪಾಪ್. ಇಂಗ್ಲಿಷ್ ಕವಿ ರಾಬರ್ಟ್ ಸದೆ ೧೮೧೨ರಲ್ಲಿ ಬರೆದ ಕಾಗದವೊಂದರಲ್ಲಿ, ಸೋಡಾ ನೀರಿಗೂ ಶುಂಠಿಯ ಬಿಯರಿಗೂ ನಡುವಿನ ಹೊಸ ಪಾನೀಯವೊಂದಕ್ಕೆ ಬಿರಡೆಯ ಸದ್ದಿನಿಂದ ಈ ಹೆಸರು ಬಂದಿದೆಯೆಂದು ಹೇಳಿದ್ದಾನೆ. ಅಂದಮೇಲೆ ಪಾಪ್ ಅಮೆರಿಕದ ಹಳ್ಳಿಗರ ಮಾತು ಎಂದು ಮೂಗು ಮುರಿಯುವ ನ್ಯೂಯಾರ್ಕಿನವರು ಎರಡು ಶತಮಾನಗಳ ಹಿಂದಿನ ಆಸ್ಥಾನ ಕವಿಯನ್ನು ಎದುರಿಸಬೇಕಾಗುತ್ತದೆ. ಸದೆ ಮರುವರ್ಷವೇ ಇಂಗ್ಲೆಂಡಿನ ರಾಜಕವಿಯಾದ.

ಈ ಹೆಸರು ಮಹಾಸರೋವರಗಳ ಸೀಮೆಯಲ್ಲಿ ಬೇರೂರಿದ್ದಕ್ಕೆ ಸೀಸೆಗಳ ಸದ್ದೂ ನೆರವಾಗಿರಬೇಕು. ಚಿಕಾಗೋದ ಚಾರ್ಲ್ಸ್ ಹಚಿನ್ಸನ್ ೧೮೭೯ರಲ್ಲಿ ಹಕ್ಕು ಪಡೆದ ತಂತಿಯ ಬಿರಡೆಯನ್ನು ಗುದ್ದಿ ತೆರೆದರೆ ಚೆನ್ನಾಗಿ ಸದ್ದು ಮಾಡುತ್ತಿತ್ತು. ಡೆಟ್ರಾಯಿಟಿನಲ್ಲಿ ರಷ್ಯದಿಂದ ವಲಸೆ ಬಂದ ಫೈಗೆನ್ಸನ್ ಸಹೋದರರು ೧೯೦೭ರಲ್ಲಿ ಪಾನೀಯದ ವ್ಯಾಪಾರ ತೆರೆದರು. ಅವರು ಮೂಲತಃ ಬೇಕರಿಯವರು. ಕೇಕಿನ ಮೇಲೆ ಬಳಿಯುವ ಸಕ್ಕರೆಯ ಲೇಪಗಳ ರುಚಿಯನ್ನೇ ಸೀಸೆಗೆ ಇಳಿಸಿ ಫೇಗೋ ಎಂಬ ಹೆಸರಿನಿಂದ ಮಾರಿದರು. ಊರಿನವರು ಕುಡಿದರು, ಪಾಪ್ ಎಂದೇ ಕರೆದರು, ಮಕ್ಕಳಿಗೂ ಹಾಗೆಯೇ ಕಲಿಸಿದರು.

ನ್ಯಾಯಾಲಯಕ್ಕೆ ಹೋದ ಅಡ್ಡಹೆಸರು

ಎಲ್ಲಕ್ಕಿಂತ ಕುತೂಹಲಕರ ಕಥೆ ಕೋಕ್‌ನದು. ನಮ್ಮ ಶಾಲೆಗಳಲ್ಲಿ ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸಿ ಬಾಯಿಪಾಠ ಮಾಡಿಸುತ್ತಿದ್ದುದು ಓದುಗರಿಗೆ ನೆನಪಿರಬಹುದು. ನದಿ ರೂಢನಾಮ, ಕಾವೇರಿ ಅಂಕಿತನಾಮ. ಅಂಕಿತನಾಮವೊಂದು ರೂಢನಾಮವಾಗಿಬಿಟ್ಟರೆ? ವೈಯಾಕರಣನಿಗೆ ಅದು ಸ್ವಾರಸ್ಯ; ಆ ಹೆಸರಿನ ಒಡೆಯನಿಗೆ ಪ್ರಾಣಸಂಕಟ. ನಾವು ಯಾವ ಯಂತ್ರದಲ್ಲಿ ತೆಗೆದ ಪ್ರತಿಯನ್ನೂ ಜೆರಾಕ್ಸ್ ಎನ್ನುತ್ತೇವೆ. ನಮ್ಮ ತಾಯಂದಿರು ಯಾವ ವನಸ್ಪತಿಯನ್ನೂ ಡಾಲ್ಡ ಎಂದರು. ಒಡೆಯ ಲಕ್ಷಾಂತರ ಹಣ ಸುರಿದು ಬೆಳೆಸಿದ ಹೆಸರಿನ ನೆರಳಿನಲ್ಲಿ ಪಕ್ಕದ ಅಂಗಡಿಯವನು ತನ್ನ ಸರಕು ಮಾರುತ್ತಾನೆ.

ಅಟ್ಲಾಂಟದ ಔಷಧ ತಯಾರಕ ಜಾನ್ ಪೆಂಬರ್ಟನ್ ಕಲಸಿದ ಪಾಕ ಮೊದಲು ಮಾರಾಟವಾದದ್ದು ೧೮೮೬ರ ಮೇ ೮ರಂದು, ಲೋಟಕ್ಕೆ ಐದು ಸೆಂಟಿನಂತೆ. ಲೆಕ್ಕ ಬರೆಯುತ್ತಿದ್ದ ಫ್ರಾಂಕ್ ರಾಬಿನ್ಸನ್ ಅದಕ್ಕೆ ಹೆಸರಿಟ್ಟು, ಬಳುಕುವ ಅಕ್ಷರದಲ್ಲಿ ಅದನ್ನು ಬರೆದುಕೊಟ್ಟ. ಹೆಸರಿನ ಪೂರ್ವಾರ್ಧ ಕೋಕಾ ಎಲೆಯಿಂದ, ಉತ್ತರಾರ್ಧ ಕೋಲಾ ಬೀಜದಿಂದ. ಕೋಕಾ ಎಲೆಯಲ್ಲಿರುವುದು ಕೊಕೇನು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ಪಾನೀಯದಿಂದ ತೆಗೆದರಾದರೂ ಜನರ ಬಾಯಿಂದ ತೆಗೆಯಲಾಗಲಿಲ್ಲ. ದಕ್ಷಿಣದವರು ಅದಕ್ಕೆ “ಡೋಪ್” ಎಂದು ಅಡ್ಡಹೆಸರಿಟ್ಟರು. ಅಮಲು ಪದಾರ್ಥ ಎಂದರ್ಥ. ಕೆರೊಲಿನದ ಹತ್ತಿಯ ಗಿರಣಿಗಳಲ್ಲಿ ಮಗ್ಗ ಬಿಟ್ಟೇಳಲಾಗದ ಕೂಲಿಗಳ ಬಳಿಗೆ ತಂಪುಪಾನೀಯ ತಿಂಡಿಗಳ ಕೈಗಾಡಿ ಬರುತ್ತಿತ್ತು. ಅದಕ್ಕೆ ಡೋಪ್ ಗಾಡಿಯೆಂದೇ ಹೆಸರು. ನೂಲಿನ ಧೂಳಿನಲ್ಲಿ ನಿಂತ ಹೆಂಗಸರೂ ಹುಡುಗರೂ ಆ ಗಾಡಿಯ ದಾರಿ ಕಾಯುತ್ತಿದ್ದರು. ಗಿರಣಿಗಳು ಮುಚ್ಚಿದವು, ಗಾಡಿಗಳು ಹೋದವು. ಡೋಪ್ ಎಂಬ ಹೆಸರು ಇಂದು ಕೆಲವೇ ಮುದುಕರ ನೆನಪಿನಲ್ಲಿದೆ.

ಕೋಕ್ ಎಂಬ ಹ್ರಸ್ವರೂಪ ಕಂಪನಿಗೆ ಸ್ವಲ್ಪವೂ ಹಿಡಿಸಿರಲಿಲ್ಲ. ಪೂರ್ತಿ ಹೆಸರು ಹೇಳಿ ಕೇಳಿರಿ, ಅಡ್ಡಹೆಸರು ಹೇಳಿದರೆ ಬದಲಿ ಮಾಲು ಸಿಕ್ಕೀತು ಎಂದು ಅದು ಜಾಹೀರಾತು ಹಾಕಿ ಬೇಡಿಕೊಂಡಿತು. ಭಯ ಸುಳ್ಳೇನಲ್ಲ. ಅಕ್ಷರ ಬದಲಿಸಿ ಅದೇ ಉಚ್ಚಾರದ “ಕೋಕ್” ಎಂಬ ಪಾನೀಯವನ್ನು ಇನ್ನೊಬ್ಬರು ಮಾರಿಯೇ ಮಾರಿದರು. ವ್ಯಾಜ್ಯ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಎದುರು ಪಕ್ಷದವರ ವಾದ ಜಾಣತನದ್ದು: ಕೊಕೇನಿಲ್ಲದ ಪಾನೀಯಕ್ಕೆ ಕೋಕದ ಹೆಸರಿಟ್ಟುಕೊಂಡವರೇ ಮೋಸಗಾರರು, ಅವರ ಹೆಸರನ್ನು ನ್ಯಾಯಾಲಯ ಏಕೆ ರಕ್ಷಿಸಬೇಕು? ೧೯೨೦ರಲ್ಲಿ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಇದನ್ನು ತಳ್ಳಿಹಾಕಿದರು. ಈ ಹೆಸರು ಕೇಳಿದವರಿಗೆ ಎಲೆಯೂ ನೆನಪಾಗುವುದಿಲ್ಲ, ಬೀಜವೂ ನೆನಪಾಗುವುದಿಲ್ಲ. ಎಲ್ಲೆಡೆ ಸಿಗುವ, ಒಂದೇ ಮೂಲದಿಂದ ಬರುವ, ಎಲ್ಲರೂ ಬಲ್ಲ ಒಂದು ಪಾನೀಯವೇ ನೆನಪಾಗುತ್ತದೆ ಎಂಬುದು ಅವರ ತೀರ್ಪಿನ ತಿರುಳು. ಪದದ ಅರ್ಥ ನಿಘಂಟಿನಲ್ಲಿಲ್ಲ, ಬಳಕೆಯಲ್ಲಿದೆ ಎಂದು ತರಗತಿಯಲ್ಲಿ ನಾವು ಗಂಟೆಗಟ್ಟಲೆ ಹೇಳುವುದನ್ನು ನ್ಯಾಯಮೂರ್ತಿಗಳು ನಾಲ್ಕು ಸಾಲಿನಲ್ಲಿ ಮುಗಿಸಿದರು. ಡೋಪ್ ಎಂಬ ಮಾತಿಗೆ ಮಾತ್ರ ಅವರು ರಕ್ಷಣೆ ಕೊಡಲಿಲ್ಲ. ಅಷ್ಟು ಮುಖಚಹರೆಯಿಲ್ಲದ ಪದವನ್ನು ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದರು.

ಎರಡು ದಶಕ ಹೋರಾಡಿ ಸೋತು ಕಂಪನಿ ೧೯೪೧ರಲ್ಲಿ ತನ್ನ ಜಾಹೀರಾತಿನಲ್ಲಿ ತಾನೇ ಕೋಕ್ ಎಂದು ಬರೆಯಿತು. ೧೯೪೫ರಲ್ಲಿ ಆ ಅಡ್ಡಹೆಸರನ್ನೂ ತನ್ನ ಮುದ್ರೆಯಾಗಿ ನೋಂದಾಯಿಸಿಕೊಂಡಿತು. ಇಲ್ಲಿರುವ ವಿಪರ್ಯಾಸ ನೋಡಿ. ಕಾನೂನಿನ ಪುಸ್ತಕದಲ್ಲಿ ಕೋಕ್ ಎಂದರೆ ಒಂದೇ ಒಂದು ಪಾನೀಯ. ಕಂಪನಿಯ ತವರಾದ ಜಾರ್ಜಿಯದಲ್ಲಿ ಮಾತ್ರ ಕೋಕ್ ಎಂದರೆ ಪೆಪ್ಸಿಯೂ ಆದೀತು. ತವರಿನವರ ಪ್ರೀತಿಗೆ ಕಾನೂನು ಅನ್ವಯಿಸುವುದಿಲ್ಲವೆಂದು ಕಾಣುತ್ತದೆ.

ನೀರಿಗೆ ಬಂದ ಕಷ್ಟ

ಹೆಸರಿನ ಈ ಭೇದ ಬರಿಯ ವಿನೋದವಲ್ಲವೆಂಬುದು ನನಗೆ ಮನವರಿಕೆಯಾದದ್ದು ಹಿರಿಯರೊಬ್ಬರ ಅನುಭವ ಕೇಳಿದ ಮೇಲೆ. ನಮ್ಮ ಕಾಲೇಜಿನಿಂದ ನಿವೃತ್ತರಾದ ಅವರು, ಮಗಳ ಬಾಣಂತನಕ್ಕೆಂದು ಪತ್ನಿಯೊಡನೆ ನ್ಯೂಜೆರ್ಸಿಗೆ ಹೋಗಿದ್ದರು. ಮಧುಮೇಹ ಹತ್ತು ವರ್ಷ ಹಳೆಯದು; ಪಥ್ಯದಲ್ಲಿ ಬಹಳ ಕಟ್ಟುನಿಟ್ಟು. ಒಂದು ಸಂಜೆ ಹೊಟ್ಟೆ ಉಬ್ಬರಿಸಿದಂತಾಗಿ, ನಿಂಬೆಹಣ್ಣು ಉಪ್ಪು ಹಾಕಿ ಕುಡಿಯೋಣವೆಂದು ಬೀದಿಯ ತುದಿಯ ಅಂಗಡಿಗೆ ತಾವೇ ಹೋದರು. ಶುದ್ಧವಾದ ಇಂಗ್ಲಿಷಿನಲ್ಲಿ “ಒಂದು ಸೋಡ” ಎಂದರು. ಅಂಗಡಿಯ ಹುಡುಗ “ಯಾವುದು?” ಎಂದ. ಸೋಡದಲ್ಲಿ ಯಾವುದೆಂದರೇನು? “ಯಾವುದಾದರೂ ಸರಿ, ಬಣ್ಣವಿಲ್ಲದ್ದು” ಎಂದರು. ಹುಡುಗ ತಿಳಿಯಾದ ದ್ರವದ ಡಬ್ಬವೊಂದನ್ನು ಕೊಟ್ಟ. ಮನೆಗೆ ತಂದು ನಿಂಬೆ ಹಿಂಡಿ, ಉಪ್ಪು ಬೆರೆಸಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡ ಮೇಲೆ ತಿಳಿಯಿತು ಅದು ಪಾನಕಕ್ಕಿಂತ ಸಿಹಿ ಎಂದು.

“ಅಪ್ಪ, ಇಲ್ಲಿ ಸೋಡ ಅಂದರೆ ಸಿಹಿಯೇ. ನಿಮಗೆ ಬೇಕಾದ್ದಕ್ಕೆ ಸೆಲ್ಟ್ಜರ್ ಅಂತ ಕೇಳಬೇಕು, ಇಲ್ಲವೇ ಕ್ಲಬ್ ಸೋಡ ಅನ್ನಬೇಕು” ಎಂದಳು ಮಗಳು.

“ಸೋಡ ಅಂದರೆ ಸೋಡ ಅಲ್ಲವೇನಮ್ಮ? ಬೊಂಬಾಯಿಂದ ಬೀದರಿನವರೆಗೆ ಎಲ್ಲಿ ಕೇಳಿದರೂ ಅದನ್ನೇ ಕೊಡುತ್ತಾರೆ” ಎಂದರಂತೆ ಇವರು.

ಇಬ್ಬರ ಮಾತೂ ನಿಜ. ಇಂಗ್ಲಿಷರು ನಮ್ಮ ದೇಶಕ್ಕೆ ತಂದ ಸೋಡ ಸಪ್ಪೆ ನೀರು. ಅವರು ಹೋದ ಮೇಲೂ ಆ ಅರ್ಥವನ್ನೇ ನಾವು ಜೋಪಾನ ಮಾಡಿಕೊಂಡು ಬಂದಿದ್ದೇವೆ. ಅಮೆರಿಕದಲ್ಲಿ ಔಷಧದ ಅಂಗಡಿಯ ಪಾಕ ಬೆರೆತು ಬೆರೆತು ಆ ಪದಕ್ಕೇ ಸಿಹಿ ಹತ್ತಿತು. ಸಪ್ಪೆ ನೀರಿಗೆ ಜರ್ಮನಿಯ ಸೆಲ್ಟರ್ಸ್ ಬುಗ್ಗೆಯ ಹೆಸರನ್ನು ಎರವಲು ತರಬೇಕಾಯಿತು. ಆ ವಾರ ಮಗಳು ಅಡಿಗೆಮನೆಯ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ, ಅಪ್ಪ ಅಂಗಡಿಯಲ್ಲಿ ಕೇಳಬಾರದ ಮಾತುಗಳ ಪಟ್ಟಿಯಲ್ಲಿ, ಸೋಡಕ್ಕೇ ಅಗ್ರಸ್ಥಾನ. ಅಲ್ಲಿಯ ಕನ್ನಡ ಕುಟುಂಬಗಳ ಮಕ್ಕಳಿಗೆ ಈ ತೊಡಕಿಲ್ಲ. ಮಿಚಿಗನ್ನಿನಲ್ಲಿ ಬೆಳೆದ ಮಗು ಪಾಪ್ ಎನ್ನುತ್ತದೆ. ತಂದೆಗೆ ವರ್ಗವಾಗಿ ನ್ಯೂಯಾರ್ಕಿನ ಕಡೆ ಬಂದರೆ, ಹೊಸ ಶಾಲೆಯಲ್ಲಿ ನಗುವವರ ಮುಂದೆ ಒಂದೆರಡು ದಿನ ತಡವರಿಸಿ, ಮೂರನೆಯ ದಿನ ಸೋಡ ಎನ್ನತೊಡಗುತ್ತದೆ. ಮನೆಯಲ್ಲಿ ಕನ್ನಡ ಬಿಟ್ಟುಹೋಗುವುದೂ ಹೆಚ್ಚುಕಡಿಮೆ ಹೀಗೆಯೇ. ಅದಕ್ಕೆ ಮೂರು ದಿನಕ್ಕಿಂತ ಕೊಂಚ ಹೆಚ್ಚು ಕಾಲ ಹಿಡಿಯುತ್ತದೆ, ಅಷ್ಟೆ.

ಬಾಸ್ಟನ್ನಿನ ಟಾನಿಕ್ ಮುಗಿಯುತ್ತ ಬಂದದ್ದೂ ಇದೇ ಬಗೆಯಲ್ಲಿ. ಯಾರೂ ಅದನ್ನು ನಿಷೇಧಿಸಲಿಲ್ಲ. ಅಜ್ಜಿ ಟಾನಿಕ್ ಎಂದಳು, ಮಗಳು ಮನೆಯಲ್ಲಿ ಟಾನಿಕ್ ಎಂದು ಹೊರಗೆ ಸೋಡ ಎಂದಳು, ಮೊಮ್ಮಗಳಿಗೆ ಮನೆಯಲ್ಲೂ ಸೋಡವೇ.

ಉಳಿದ ನಾಡುಗಳನ್ನು ಸುತ್ತಲು ಇಲ್ಲಿ ಸ್ಥಳವಿಲ್ಲ. ಗ್ಲಾಸ್ಗೋ ನಗರದ ಹಳಬರು ಇಂಥ ಯಾವ ಪಾನೀಯವನ್ನೂ, ಅದರಲ್ಲಿ ಶುಂಠಿಯ ವಾಸನೆ ಇಲ್ಲದಿದ್ದರೂ, ಶುಂಠಿ ಎಂದೇ ಕರೆಯುತ್ತಾರೆ. ಐರ್ಲೆಂಡಿನಲ್ಲಿ ಅದು ಮಿನರಲ್. ದಕ್ಷಿಣ ಆಫ್ರಿಕದವರು ನಮ್ಮಂತೆಯೇ ಕೂಲ್ ಡ್ರಿಂಕ್ ಎನ್ನುತ್ತಾರೆ.

ಗೋಲಿಯ ಮಹಿಮೆ

ಕನ್ನಡಿಗರು ಈ ಕಥೆಯಲ್ಲಿ ಕೇವಲ ಪ್ರೇಕ್ಷಕರಲ್ಲ. ಇಂಗ್ಲೆಂಡಿನ ಹೈರಮ್ ಕಾಡ್ ೧೮೭೨ರಲ್ಲಿ ಒಂದು ಸೀಸೆಗೆ ಹಕ್ಕುಪತ್ರ ಪಡೆದ. ಕತ್ತನ್ನು ಹಿಸುಕಿದಂತಿರುವ ದಪ್ಪ ಗಾಜಿನ ಸೀಸೆ. ಕತ್ತಿನೊಳಗೆ ಒಂದು ಗಾಜಿನ ಗೋಲಿ. ಬಾಯಿಯ ಒಳಅಂಚಿಗೆ ರಬ್ಬರಿನ ಉಂಗುರ. ಸೀಸೆಯನ್ನು ತಲೆಕೆಳಗಾಗಿಸಿ ತುಂಬುತ್ತಾರೆ. ಒಳಗಿನ ಅನಿಲವೇ ಗೋಲಿಯನ್ನು ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಒಳಗಿರುವ ಕೈದಿಯೇ ತನ್ನ ಸೆರೆಮನೆಯ ಬಾಗಿಲಿಗೆ ಅಗುಳಿಯಾಗಿ ನಿಂತಂತೆ. ಮರದ ಒತ್ತುಗುಂಡಿಯಿಂದ ಅಥವಾ ಬಲವಾದ ಹೆಬ್ಬೆರಳಿನಿಂದ ಗೋಲಿಯನ್ನು ಕೆಳಕ್ಕೆ ನೂಕಿದರೆ ಠುಸ್ಸೆಂದು ಗಾಳಿ ಹೊರಟು, ಗೋಲಿ ಕತ್ತಿನ ಗುಳಿಗೆ ಬೀಳುತ್ತದೆ. ಸೀಸೆಯನ್ನು ಸರಿಯಾದ ಮಗ್ಗುಲಿಗೆ ಹಿಡಿದು ಬಗ್ಗಿಸದಿದ್ದರೆ ಅದು ಉರುಳಿ ಬಂದು ಮತ್ತೆ ಬಾಯಿ ಮುಚ್ಚುತ್ತದೆ. ಹೊಸಬರನ್ನು ಗುರುತಿಸಲು ಇದಕ್ಕಿಂತ ಸುಲಭ ಪರೀಕ್ಷೆಯಿಲ್ಲ.

೧೮೯೨ರಲ್ಲಿ ಬಾಲ್ಟಿಮೋರಿನ ವಿಲಿಯಂ ಪೇಂಟರ್ ತಗಡಿನ ಮುಚ್ಚಳವನ್ನು ಕಂಡುಹಿಡಿದ ಮೇಲೆ ಕಾಡ್‌ನ ಸೀಸೆ ಅವನ ದೇಶದಲ್ಲಿ ಕ್ರಮೇಣ ಮೂಲೆಗುಂಪಾಯಿತು. ಪೂರ್ವದೇಶಗಳಲ್ಲಿ ಉಳಿಯಿತು. ಜಪಾನಿನಲ್ಲಿ ಅದರ ಪಾನೀಯಕ್ಕೆ ರಾಮುನೆ ಎಂದು ಹೆಸರು. ಲೆಮನೇಡ್ ಎಂಬ ಮಾತು ಅವರ ನಾಲಗೆಯಲ್ಲಿ ಹೊರಳಿ ಹಾಗಾಯಿತು. ದೆಹಲಿಯವರು ಬಂಟಾ ಎಂದರು, ನಾವು ಗೋಲಿ ಸೋಡ ಎಂದೆವು. ಎರಡಕ್ಕೂ ಆಧಾರ ಆ ಗಾಜಿನ ಗುಂಡೇ. ಅಮೆರಿಕದವನು ಸದ್ದನ್ನು ಹಿಡಿದ, ನಾವು ಗುಂಡನ್ನು ಹಿಡಿದೆವು. ಅನುಕರಣಾವ್ಯಯಗಳಲ್ಲಿ ನಮ್ಮ ಭಾಷೆ ಇಷ್ಟು ಸಿರಿವಂತವಾಗಿದ್ದೂ ನಾವು ಠುಸ್ಸನ್ನು ಬಿಟ್ಟು ಗೋಲಿಗೆ ಮನಸೋತದ್ದರಲ್ಲಿ, ಖಾಲಿ ಸೀಸೆ ಒಡೆದು ಗೋಲಿ ಗಿಟ್ಟಿಸಲು ಹೊಂಚುಹಾಕಿದ ಮಕ್ಕಳ ಪಾತ್ರವೂ ಇದ್ದೀತು. ದಪ್ಪ ಗಾಜಿನ ಕನ್ನಡಕಕ್ಕೆ ನಾವು ಸೋಡಾ ಬುಡ್ಡಿ ಎನ್ನುತ್ತೇವೆ. ಅಮೆರಿಕದವರು ಅದನ್ನೇ ಕೋಕ್ ಬಾಟಲಿಯ ಕನ್ನಡಕ ಎನ್ನುತ್ತಾರೆ. ಸಾಗರಗಳಾಚೆಯ ಇಬ್ಬರು ತುಂಟರಿಗೆ ಹೊಳೆದ ಉಪಮೆ ಒಂದೇ.

ಕೋಕ್ ನಮ್ಮಲ್ಲಿ ರೂಢನಾಮವಾಗದೆ ಹೋದದ್ದಕ್ಕೆ ಒಂದು ರಾಜಕೀಯ ಕಾರಣವೂ ಇದ್ದೀತೆಂದು ನನ್ನ ಎಣಿಕೆ. ೧೯೭೭ರಲ್ಲಿ ಜನತಾ ಸರ್ಕಾರದ ಕಾಲದಲ್ಲಿ, ವಿದೇಶಿ ವಿನಿಮಯದ ಕಾನೂನಿಗೆ ತಲೆಬಾಗಲೊಲ್ಲದೆ ಆ ಕಂಪನಿ ದೇಶ ಬಿಟ್ಟಿತು. ಆಗ ಕೈಗಾರಿಕಾ ಮಂತ್ರಿಯಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಅದರ ಜಾಗ ತುಂಬಲೆಂದು ಸರ್ಕಾರವೇ ಒಂದು ಪಾನೀಯವನ್ನು ಹೊರಡಿಸಿತು. ಸೂತ್ರ ಸಿದ್ಧವಾದದ್ದು ಮೈಸೂರಿನ ಚೆಲುವಾಂಬ ವಿಲಾಸದ ಅರಮನೆಯಲ್ಲಿರುವ ಕೇಂದ್ರ ಆಹಾರ ಸಂಶೋಧನಾಲಯದಲ್ಲಿ. ಹೆಸರು, ಆ ವರ್ಷದ ನೆನಪಿಗೆ, “ಎಪ್ಪತ್ತೇಳು”! ಇಸವಿಯನ್ನು ಕುಡಿಯಲು ಜನ ಹೆಚ್ಚು ಉತ್ಸಾಹ ತೋರಲಿಲ್ಲ. ಕೋಕಕೋಲ ೧೯೯೩ರಲ್ಲಿ ಮರಳಿತು. ನಡುವಿನ ಹದಿನಾರು ವರ್ಷಗಳಲ್ಲಿ ಒಂದು ತಲೆಮಾರು ಬೇರೆ ಬೇರೆ ಹೆಸರುಗಳಲ್ಲಿ ಬೆಳೆದಿತ್ತು.

ಆ ವೈವಿಧ್ಯ ಪೂರ್ತಿ ಹೋಗಿಲ್ಲ. ಒಮ್ಮೆ ತರಗತಿಯಲ್ಲಿ ಉಪಭಾಷೆಗಳ ಪಾಠ ಮಾಡುವಾಗ ಹುಡುಗರನ್ನೇ ಕೇಳಿದೆ. ಬೆಂಗಳೂರಿನವರು ಕೂಲ್ ಡ್ರಿಂಕ್ಸ್ ಎಂದರು. ಏಕವಚನಕ್ಕೂ ಅದೇ ರೂಪ, “ಒಂದು ಕೂಲ್ ಡ್ರಿಂಕ್ಸು”. ಕಲಬುರಗಿಯ ಹುಡುಗ ಥಂಡಾ ಎಂದ. ಹಾವೇರಿಯ ಕಡೆಯ ಹುಡುಗಿ, ತಮ್ಮೂರಿನಲ್ಲಿ ಬೀಗರು ಬಂದರೆ ತರಿಸುವ ಬಣ್ಣದ ಸೀಸೆಗೆ, ಹಣ್ಣಿನ ಸುಳಿವೇ ಇಲ್ಲದಿದ್ದರೂ, ಜ್ಯೂಸ್ ಎಂದೇ ಹೆಸರೆಂದಳು. ಕೋಲಾರದ ಹುಡುಗ ತನ್ನಜ್ಜ ಕಲರ್ ಎನ್ನುತ್ತಿದ್ದರೆಂದು ಹೇಳಿ, ನಗೆ ಬಂದೀತೆಂದು ಸುತ್ತ ನೋಡಿದ. ಪುತ್ತೂರಿನವನಿಗೆ ತನ್ನೂರಿನ ಬಿಂದು ಜೀರಾದ ಮುಂದೆ ಉಳಿದ ಹೆಸರುಗಳು ಲೆಕ್ಕಕ್ಕೇ ಇಲ್ಲ. ಪತ್ರಿಕೆಗಳಲ್ಲಿ ನಾವು ಬರೆಯುವ ತಂಪುಪಾನೀಯ ಎಂಬ ಮಾತನ್ನು ಒಬ್ಬರೂ ಹೇಳಲಿಲ್ಲ.

೨೦೨೫ರಲ್ಲಿ ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆಯ ಪ್ರೋತ್ಸಾಹದಿಂದ ನಮ್ಮ ಗೋಲಿ ಸೋಡ ಕೊಲ್ಲಿ ರಾಷ್ಟ್ರಗಳಿಗೂ ಇಂಗ್ಲೆಂಡು ಅಮೆರಿಕಗಳಿಗೂ ಹಡಗೇರಿತು. ಪರದೇಶದ ಗಿರಾಕಿಗಳಿಗಾಗಿ ಹೆಸರನ್ನು ಕೊಂಚ ಬೆಳೆಸಿದ್ದಾರೆ: “ಗೋಲಿ ಪಾಪ್ ಸೋಡ”. ಡೆಟ್ರಾಯಿಟಿನವರಿಗೆ ಪಾಪ್, ನ್ಯೂಯಾರ್ಕಿನವರಿಗೆ ಸೋಡ, ಊರು ಬಿಟ್ಟು ಹೋದ ನಮ್ಮವರಿಗೆ ಗೋಲಿ. ಈ ಸುದ್ದಿಯನ್ನು ನಾನು ಉತ್ಸಾಹದಿಂದ ಹೇಳಿದಾಗ, ನ್ಯೂಜೆರ್ಸಿಗೆ ಹೋಗಿ ಬಂದ ಆ ಹಿರಿಯರು ಪತ್ರಿಕೆಯನ್ನು ಮಡಿಚಿಟ್ಟು, “ಅದೆಲ್ಲ ಸರಿಯಪ್ಪ, ಸಕ್ಕರೆ ಹಾಕಿದ್ದಾರೋ ಇಲ್ಲವೋ, ಅದನ್ನು ಮೊದಲು ಹೇಳು” ಎಂದರು.